ದೀಪದ ಬುಡದ ಉಸುಕು

ಮುದ್ದೇಬಿಹಾಳದ ಆ ಮನೆಯಲ್ಲಿ ಅಂದು ಕೂಸಿಗೆ ಹೆಸರಿಡುವ ಕಾರ್ಯಕ್ರಮ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿ ಹಾಡುತ್ತಿದ್ದರು. ಫೋಟೋ ತೆಗೆಯಲೆಂದು ಸಿಂದಗಿಯಿಂದ ಹೋಗಿದ್ದ ನಾನು ಪಡಸಾಲೆಯ ಮೂಲೆಯಲ್ಲಿ ಮಂಡಿಯೂರಿ ಒಂದು ಕುರ್ಚಿಯ ಕೆಳಗೆ ತಲೆ ಹಾಕಿದ್ದೆ.

“ಏನ್ ಹುಡಕಾಕತ್ತೀರಿ ಅಲ್ಲಿ?”

ತಲೆ ಎತ್ತಿದರೆ ಮನೆಯ ಯಜಮಾನರು, ಕೂಸಿನ ಅಜ್ಜ. ಬಾಯಲ್ಲಿ ಎಲೆಯಡಿಕೆ, ಕಣ್ಣು ಮಾತ್ರ ನನ್ನ ಕೈಯ ಮೇಲೆ.

“ಏನಿಲ್ರಿ. ಕುರ್ಚಿ ನೋಡಾಕತ್ತೇನಿ.”

“ಮ್ಯಾಲಿಂದ ನೋಡಿದ್ರ ಕುರ್ಚಿ ಕಾಣಂಗಿಲ್ಲೇನು?”

ಕುರ್ಚಿಯ ಕಾಲು ಸೀಟಿಗೆ ಎಲ್ಲಿ ಕೂಡಿದೆ, ಮೊಳೆ ಹೊಡೆದಿದ್ದಾರೋ ಕಚ್ಚು ಕೂರಿಸಿದ್ದಾರೋ ಎಂದು ನೋಡುತ್ತಿದ್ದೆ. ಅದನ್ನು ಹೇಳಿದ್ದರೆ ಅವರ ಸಂಶಯ ಇನ್ನೂ ಹೆಚ್ಚುತ್ತಿತ್ತು. ಎದ್ದು ಮಂಡಿಯ ಧೂಳು ಕೊಡವಿಕೊಂಡು, “ಯಾರ್ದುರಿ ಇದು?” ಎಂದೆ.

“ನಮ್ಮ ವೈನೀದು, ಅಣ್ಣನ ಹೆಂಡ್ತೀದು. ಹಿಂದಿನ ಮನ್ಯಾಗಿಂದ ಮಂದಿ ಕೂಡಾಕ ತಂದೇವಿ. ಯಾಕ?”

ಆ “ಯಾಕ?” ಎಂಬ ಪ್ರಶ್ನೆ ಅಲ್ಲಿಂದ ಮುಂದೆ ವರ್ಷಗಟ್ಟಲೆ ನನ್ನ ಬೆನ್ನು ಬಿಡಲಿಲ್ಲ.

ಸಿಂದಗಿಯಲ್ಲಿ ನನ್ನದು ಫೋಟೋ ಸ್ಟುಡಿಯೋ. ತೊಂಬತ್ತರ ದಶಕದಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶ ಎಂದು ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಕಡೆಗೆಲ್ಲ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದೆ. ಡಾಕ್ಟರನ್ನು ಬಿಟ್ಟರೆ ಗುರುತಿಲ್ಲದ ಮನೆಯೊಳಕ್ಕೆ ನೇರ ಹೋಗಬಲ್ಲವನು ಫೋಟೋದವನೊಬ್ಬನೇ. ಆಗ ಎಲ್ಲ ಮನೆಗಳಲ್ಲೂ ಸಾಮಾನು ಬದಲಾಗುತ್ತಿದ್ದ ಕಾಲ. ಸ್ಪಂಜಿನ ಸೋಫಾಸೆಟ್ಟು, ಕೆಂಪು ಪ್ಲಾಸ್ಟಿಕ್ ಕುರ್ಚಿ ಬಾಗಿಲಲ್ಲಿ ಒಳಗೆ ಬಂದರೆ ಐವತ್ತು ಅರವತ್ತರ ದಶಕದ ಸಾಗವಾನಿ ಕುರ್ಚಿಗಳು ಹಿತ್ತಲ ಬಾಗಿಲಲ್ಲಿ ಹೊರಗೆ ಹೋಗುತ್ತಿದ್ದವು. ಕೆಲವು ದನದ ಕೊಟ್ಟಿಗೆಗೆ, ಕೆಲವು ಮಾಳಿಗೆಗೆ, ಬಹಳಷ್ಟು ಬಚ್ಚಲ ಒಲೆಗೆ.

ನನಗೆ ಆ ಕಾಲದ ಸಾಮಾನಿನ ಹುಚ್ಚು ಹಿಡಿದದ್ದು ಒಂದು ಸಣ್ಣ ಕಾರಣಕ್ಕೆ. ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಕೂರಿಸುವ ಕುರ್ಚಿ ಮುರಿದಿತ್ತು. ಇಂಡಿಯ ಗುಜರಿ ಅಂಗಡಿಯಲ್ಲಿ ಒಂದು ತಗ್ಗು ಕುರ್ಚಿ ಸಿಕ್ಕಿತು. ಕಾಲುಗಳು ನೆಟ್ಟಗಿಲ್ಲ, ಹೊರಕ್ಕೆ ಓರೆ. ಮೇಲೆ ದಪ್ಪ, ಕೆಳಗೆ ಬರುತ್ತ ಬರುತ್ತ ಸಣ್ಣ. ಬೆನ್ನಿಗೆ ಬೆತ್ತದ ಹೆಣಿಗೆ. ಕೆತ್ತಿದ ನವಿಲಿಲ್ಲ, ಬಳ್ಳಿಯಿಲ್ಲ, ಸಿಂಹದ ಮುಖವಿಲ್ಲ. ಅದರಲ್ಲಿ ಕೂತವರ ಹೆಗಲು ತಾನಾಗಿ ಇಳಿಯುತ್ತಿತ್ತು, ಗದ್ದ ಸಡಿಲವಾಗುತ್ತಿತ್ತು. “ನಗ್ರಿ ಸ್ವಲ್ಪ” ಎಂದು ಗೋಗರೆಯುವುದೇ ತಪ್ಪಿತು. ಮನುಷ್ಯನ ಮೈ ಹೇಗಿರುತ್ತದೆಂದು ಯೋಚಿಸಿ ಮಾಡಿದ ಕುರ್ಚಿ ಇದು ಅನ್ನಿಸಿತು. ದೊಡ್ಡ ಊರುಗಳಲ್ಲಿ ಇಂಥದ್ದಕ್ಕೆ ಮಿಡ್ ಸೆಂಚುರಿ ಮಾಡರ್ನ್ ಎಂಬ ಹೆಸರಿದೆ, ಅದನ್ನು ಹುಡುಕಿಕೊಂಡು ಅಲೆಯುವ ಶ್ರೀಮಂತರಿದ್ದಾರೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾನು ಓರೆಗಾಲಿನ ಕುರ್ಚಿ ಎನ್ನುತ್ತಿದ್ದೆ.

ಒಂದಾದ ಮೇಲೆ ಒಂದು ಬಂದವು. ಇಂಡಿಯ ವಕೀಲರೊಬ್ಬರ ಮೇಜಿನ ದೀಪ, ಕುತ್ತಿಗೆ ಹೇಗೆ ಬೇಕೋ ಹಾಗೆ ತಿರುಗುವಂಥದ್ದು. ಬಾಗೇವಾಡಿಯಲ್ಲಿ ಮುಚ್ಚಿಹೋದ ಟಾಕೀಸಿನ ಗೋಡೆದೀಪಗಳು. ಮಸೂತಿಯ ಮನೆಯೊಂದರಲ್ಲಿ ಕೋಳಿ ಕಾವಿಗೆ ಕೂತಿದ್ದ ರೇಡಿಯೋ ಸ್ಟ್ಯಾಂಡು; ಮೊಟ್ಟೆ ಒಡೆದು ಮರಿ ಹೊರಬೀಳುವ ತನಕ ಕಾದು ತರಬೇಕಾಯಿತು.

ಆದರೆ ತರುವುದು ಸುಲಭವಿರಲಿಲ್ಲ. ಯಾರಿಗೂ ಬೇಡವಾದ ಕುರ್ಚಿಯನ್ನು ಒಬ್ಬ ಬೇಕೆಂದ ಕೂಡಲೇ ಅದರಲ್ಲೇನೋ ಇರಬೇಕೆಂಬ ಗುಮಾನಿ ಹುಟ್ಟುತ್ತದೆ. ಒಮ್ಮೆ ಕೇಳಿದರೆ ನಗುತ್ತಿದ್ದರು. ಎರಡನೆಯ ಸಲ ಹೋದರೆ ಕುರ್ಚಿ ಪಡಸಾಲೆಯಿಂದ ಒಳಗಿನ ಕೋಣೆಗೆ ಹೋಗಿರುತ್ತಿತ್ತು. ಇಂಗಳೇಶ್ವರದಲ್ಲಿ ಒಬ್ಬರು, ನಾನು ಕೇಳಿಹೋದ ಮಾರನೆಯ ದಿನವೇ ಸೀಟು ಹರಿದು, ಕುರ್ಚಿಯ ಕೈ ಕೊರೆದು ನೋಡಿ, ಏನೂ ಸಿಗದೆ ಹಂಡೆಯ ಒಲೆಗೆ ಹಾಕಿಬಿಟ್ಟಿದ್ದರು. ಒಳ್ಳೆಯ ಕುರ್ಚಿಯನ್ನು ಕಂಡರೂ ಕಾಣದಂತೆ ಮೊದಲು ಮಳೆ ಬೆಳೆ ಮಾತಾಡಬೇಕೆಂದು ನಾನು ಕಲಿತದ್ದು ಅಲ್ಲಿ.

ಮನೆಯಲ್ಲಿ ಹೆಂಡತಿಯ ಗುಮಾನಿ ಬೇರೆ ಥರದ್ದು: ತಗಣಿ, ಅಂದರೆ ತಿಗಣೆ. ಬೆತ್ತದ ತೂತಿನಲ್ಲಿ ತಗಣಿ ಇದ್ದೇ ಇರುತ್ತವೆ ಎಂಬುದು ಅವಳ ವಾದ. ಯಾವ ಕುರ್ಚಿ ಬಂದರೂ ಮೊದಲು ಅಂಗಳದ ಬಿಸಿಲಿನಲ್ಲಿ ಸೀಮೆಎಣ್ಣೆಯ ಸ್ನಾನವಾಗಬೇಕು. “ಯಾರ ಸತ್ತ ಕುರ್ಚಿನೋ ಏನೋ” ಎಂದು ಗೊಣಗಿ, ತಾನು ಮಾತ್ರ ಚಾಪೆಯ ಮೇಲೇ ಕೂರುತ್ತಿದ್ದಳು.

ಮುದ್ದೇಬಿಹಾಳದ ಆಲ್ಬಮ್ ತಯಾರಾದ ಮೇಲೆ ಅದನ್ನು ಕೊಡುವ ನೆಪದಲ್ಲಿ ಮತ್ತೆ ಹೋದೆ. ಯಜಮಾನರು ಮನೆಯಲ್ಲಿರಲಿಲ್ಲ. ಹಿಂದಿನ ಮನೆಯ ಬಾಗಿಲಲ್ಲಿ ಅವರ ಅತ್ತಿಗೆ ನಿಂತಿದ್ದರು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮೊಮ್ಮಗುವಿನ ಫೋಟೋ ನೋಡಲು ನನ್ನನ್ನು ಒಳಗೆ ಕರೆದರು.

ಒಳಗೆ ಹೋದವನು ನಿಂತಲ್ಲೇ ನಿಂತೆ. ತೊಟ್ಟಿಲಿನ ದಿನ ಕಂಡ ಕುರ್ಚಿ ಅಲ್ಲಿತ್ತು. ಪಕ್ಕದಲ್ಲಿ ತಗ್ಗಾದ ಉದ್ದ ಕಪಾಟು, ಬಾಗಿಲು ತೆರೆಯುವುದಲ್ಲ, ಸರಿಸುವುದು. ಮೂಲೆಯಲ್ಲಿ ಆಳೆತ್ತರದ ದೀಪ: ದುಂಡನೆಯ ತಗಡಿನ ಬುಡ, ಬಿಲ್ಲಿನಂತೆ ಬಾಗಿದ ಕೊಳವೆ, ತುದಿಯಲ್ಲಿ ತಿಳಿಹಸಿರು ಬಣ್ಣದ ಮೊನಚು ಟೊಪ್ಪಿಗೆ. ಇಂಥ ದೀಪವನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಲಿತ ಪಾಠ ಮರೆತು, “ಅಮ್ಮಾರ, ಇವನ್ನ ಕೊಡ್ತೀರೇನ್ರಿ?” ಎಂದುಬಿಟ್ಟೆ.

ಅವರು ಆಲ್ಬಮ್ ಮುಚ್ಚಿದರು.

“ಯಾರ ಕಳಿಸ್ಯಾರ ನಿಮ್ಮನ್ನ?”

“ಯಾರೂ ಇಲ್ರಿ. ನಾನ ಬಂದೇನಿ.”

“ಫೋಟೋ ಕೊಡಾಕ ಬಂದವ್ರು ಕುರ್ಚಿ ಯಾಕ ಕೇಳ್ತೀರಿ?”

“ಚಂದ ಅದಾವ್ರಿ, ಅದಕ್ಕ.”

“ಈ ಮನ್ಯಾಗ ಇವನ್ನ ಚಂದ ಅಂದವ್ರು ನೀವ ಮೊದಲ್ನೇದವ್ರು,” ಎಂದರು. “ಅದಕ್ಕ ನನಗ ಸಂಶಯ. ನಮ್ಮ ಮೈದುನನ ಕೇಳಿಸಾಕತ್ತಾನ ಹೌದಲ್ಲೋ?”

ದೇವರಾಣೆ ಅಲ್ಲ ಎಂದೆ. ನಂಬಲಿಲ್ಲ. ಚಹಾ ಕೊಟ್ಟರು, ಆದರೆ ನಾನು ಕಪ್ಪು ಕೆಳಗಿಡುವ ತನಕ ಎದುರಿಗೆ ನಿಂತೇ ಇದ್ದರು.

ಅದಾದ ಮೇಲೆ ಒಂದು ಸಂತೆಯ ದಿನ ಯಜಮಾನರೇ ಸಿಂದಗಿಗೆ ಬಂದರು. ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಂತೆ. ಮುದ್ದೇಬಿಹಾಳದಲ್ಲಿ ಸ್ಟುಡಿಯೋಗಳಿರಲಿಲ್ಲವೇ? ಕೂತರೂ ಅವರ ದೃಷ್ಟಿ ಕ್ಯಾಮೆರಾದ ಕಡೆಗಿಲ್ಲ. ಗೋಡೆಗುಂಟ ನಿಂತ ಕುರ್ಚಿಗಳನ್ನು ನೋಡುತ್ತಿದ್ದರು.

“ಇಷ್ಟ ಕುರ್ಚಿ ಯಾಕ್ರಿ? ಮನ್ಯಾಗ ಮಂದಿ ಎಷ್ಟ ಅದೀರಿ?”

“ಹವ್ಯಾಸ್ರಿ.”

“ಹವ್ಯಾಸ!” ಎಂದು ನಕ್ಕು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರ ತಾಯಿಗೆ ಬಂಗಾರದ ಡಾಬು ಇತ್ತಂತೆ, ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿ. ತಾಯಿ ಸತ್ತ ಮೇಲೆ ಪೆಟ್ಟಿಗೆ ತೆಗೆದು ನೋಡಿದರೆ ಡಾಬು ಇಲ್ಲ. ತಾಯಿಯ ಕೊನೆಯ ದಿನಗಳಲ್ಲಿ ಅಣ್ಣ ಕಾಲುವೆ ಕ್ಯಾಂಪಿನಲ್ಲಿ ಓವರ್ಸಿಯರ್. ಆ ಕುರ್ಚಿ, ಕಪಾಟು, ದೀಪ ಎಲ್ಲ ಆ ಕಾಲದಲ್ಲೇ ಮಾಡಿಸಿದ್ದು.

“ಆ ದೀಪ ವೈನಿ ಯಾರಿಗೂ ಮುಟ್ಟಗೊಡಂಗಿಲ್ಲ. ಕೂಸುಗೋಳು ಹತ್ತರ ಹೋದ್ರ ಒದರತಾರ. ಯಾಕ? ಆ ಬುಡ ನೀವು ಎತ್ತಿ ನೋಡೀರೇನು? ಭಾಳ ವಜ್ಜಾ ಐತಿ. ತಗಡು ಅಷ್ಟ ವಜ್ಜಾ ಇರತೈತೇನು?”

“ನನಗೇನ ಗೊತ್ತ್ರಿ.”

“ನೀವು ಕೊಂಡಕೊಳ್ರಿ. ಬ್ಯಾಡನ್ನಂಗಿಲ್ಲ. ಆದ್ರ ಬಿಚ್ಚುವಾಗ ನಾ ಇರಬೇಕು.”

ಮನೆಯವರ ಜಗಳದಲ್ಲಿ ನಾನು ಬರುವುದಿಲ್ಲ ಎಂದೆ. ಅವರು ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು. “ಒಲ್ಲೆ ಅಂದ್ರಿ ಅಂದ್ರ, ಒಳಗೇನೈತೆಂತ ನಿಮಗ ಗೊತ್ತೈತಿ,” ಎಂದು ಹೇಳಿ ಹೋದರು. ಪಾಸ್‌ಪೋರ್ಟ್ ಫೋಟೋ ಒಯ್ಯಲು ಮತ್ತೆ ಬರಲೇ ಇಲ್ಲ.

ಹೂಂ ಎಂದರೂ ಕಳ್ಳ, ಊಹೂಂ ಎಂದರೂ ಕಳ್ಳ. ಆ ದೀಪದ ಗೊಡವೆಯೇ ಬೇಡವೆಂದು ಬಿಟ್ಟೆ. ಬೇಸಿಗೆ ಕಳೆಯಿತು. ಒಂದು ದಿನ ಸ್ಟುಡಿಯೋ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಬಂತು. ಮುದ್ದೇಬಿಹಾಳದ ಅಮ್ಮಾರು.

“ರವಿವಾರ ಬರ್ರಿ. ಕ್ಯಾಮೆರಾ ತರ್ರಿ. ಸಾಮಾನ ಒಯ್ಯಾಕ ಗಾಡಿನೂ ತರ್ರಿ.”

“ಏನ್ ಕಾರ್ಯಕ್ರಮ್ರಿ?”

“ಬರ್ರಿ, ಗೊತ್ತಾಕ್ಕೈತಿ.”

ಹೆಂಡತಿಗೆ ಹೇಳಿದೆ. ಮುದ್ದೇಬಿಹಾಳಕ್ಕೆ ಇದು ಎಷ್ಟನೆಯ ಸಲ ಎಂದು ಕೇಳಿ, “ಆಕಿ ವಯಸ್ಸೆಷ್ಟು?” ಎಂದಳು. “ನಮ್ಮವ್ವನಷ್ಟು” ಎಂದೆ. “ನೋಡಿದೋರು ಯಾರು” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ರವಿವಾರ ಟೆಂಪೋ ಮಾಡಿಕೊಂಡು ಹೋದರೆ ಪಡಸಾಲೆಯಲ್ಲಿ ಜನ. ಯಜಮಾನರು, ಅವರ ಹೆಂಡತಿ, ಓಣಿಯ ಇಬ್ಬರು ಹಿರಿಯರು, ಒಬ್ಬ ಬಡಿಗ. ನಡುವೆ ಕುರ್ಚಿ, ಕಪಾಟು, ದೀಪ ಮೂರನ್ನೂ ತಂದಿಟ್ಟಿದ್ದರು. ಅಮ್ಮಾರು ಗೋಡೆಗೆ ಆತು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

“ನಾ ಬಾಗೇವಾಡಿಗೆ ಮಗಳ ಹತ್ತರ ಹೊಂಟೇನಿ. ಇವನ್ನ ಒಯ್ದ್ರ ಡಾಬು ಒಯ್ದ್ಲು ಅಂತೀರಿ. ಬಿಟ್ಟ ಹೋದ್ರ ಡಾಬು ತಗದ ಬಿಟ್ಟ ಹೋದ್ಲು ಅಂತೀರಿ. ಅದಕ್ಕ ಎಲ್ಲಾರ ಮುಂದ ಬಿಚ್ಚಿಸ್ತೇನಿ. ಇವ್ರು ಹೊರಗಿನವ್ರು, ಫೋಟೋ ತಗೀತಾರ. ನಾಳೆ ಹಂಗಿತ್ತು ಹಿಂಗಿತ್ತು ಅನಬ್ಯಾಡ್ರಿ.”

ಬಡಿಗ ಕುರ್ಚಿಯಿಂದ ಶುರು ಮಾಡಿದ. ಕೈ ಕಳಚಿದ, ಕಾಲು ಕಳಚಿದ. ಒಳಗೆ ಹಳೆಯ ಸರೇಸಿನ ಅಂಟಿನ ಕಲೆ ಮಾತ್ರ. ಕಪಾಟಿನ ಹಿಂದಿನ ಹಲಗೆ ತೆಗೆದರೆ ಸತ್ತ ಜಿರಲೆ, ಒಂದು ಗುಂಡಿ. ಯಜಮಾನರ ಹೆಂಡತಿ ಆ ಗುಂಡಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ದೀಪ. ಬಡಿಗ ಕೈ ಹಚ್ಚುವ ಮೊದಲು ಅಮ್ಮಾರು, “ಕರೆಂಟಿನ ಪಿನ್ ತಗದೈತೇನು ನೋಡ್ರಿ” ಎಂದರು.

ಬುಡದ ಕೆಳಗಿನ ಮುಚ್ಚಳ ತುಕ್ಕು ಹಿಡಿದಿತ್ತು. ಸ್ಕ್ರೂ ಜಗ್ಗುವ ಸಪ್ಪಳವೊಂದೇ ಪಡಸಾಲೆಯಲ್ಲಿ. ಕಣ್ಣಿಗೆ ಕ್ಯಾಮೆರಾ ಹಿಡಿದಿದ್ದ ನಾನೂ ಎಲ್ಲರಂತೆ ಮುಂದಕ್ಕೆ ಬಾಗಿದ್ದೆ. ಮುಚ್ಚಳ ಕಿತ್ತು ಬಂತು. ಒಳಗಿನದು ಕೆಳಗೆ ಹಾಸಿದ್ದ ಚಾದರದ ಮೇಲೆ ಸುರಿಯಿತು.

ಉಸುಕು. ಹೊಳೆಯ ಉಸುಕು.

ದೀಪ ಬೀಳಬಾರದೆಂದು ಭಾರಕ್ಕೆ ತುಂಬಿದ್ದು. ಯಜಮಾನರ ಹೆಂಡತಿ ಒಳಗೋಡಿ ಜರಡಿ ತಂದರು. ಆ ಉಸುಕನ್ನೆಲ್ಲ ಸೋಸಿದರು. ಜರಡಿಯಲ್ಲಿ ಉಳಿದದ್ದು ಹರಳು, ಉಗುರಿನಷ್ಟು ಸಣ್ಣ ಒಂದೆರಡು ಶಂಖ. ಕೊಳವೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು, ತಂತಿ ಆಡಿಸಿದರು. ಅದೂ ಖಾಲಿ.

ಹಿರಿಯರಲ್ಲೊಬ್ಬರು ಕೇಳಿದರು: “ಮತ್ತ ದೀಪ ಯಾಕ ಮುಟ್ಟಗೊಡ್ತಿದ್ದಿಲ್ಲವಾ ತಂಗಿ?”

“ಶಾಕ್ ಹೊಡೀತಿತ್ತ್ರಿ. ನನಗ ಒಮ್ಮೆ ಹೊಡದು ಕೈ ಜೋಮ ಹಿಡದಿತ್ತು. ಕೂಸುಗೋಳು ಮುಟ್ಟ್ಯಾವಂತ ಒದರತಿದ್ದೆ.”

ಯಾರೋ ನಕ್ಕರು. ಯಜಮಾನರು ನಗಲಿಲ್ಲ. “ನಮ್ಮಣ್ಣ ಸುಮ್ಮನ ಇಷ್ಟೆಲ್ಲಾ ಖರ್ಚು ಮಾಡಿ ಮಾಡಿಸಿದ್ನೇನು?” ಎಂದರು.

“ನಿಮ್ಮಣ್ಣ ಮಾಡಿಸಿದ್ದಲ್ಲ,” ಎಂದರು ಅಮ್ಮಾರು. “ನಾ ಮಾಡಿಸಿದ್ದು.”

ಮಗಳು ಹುಟ್ಟಿದ ಮೇಲೆ ಅವರಿಗೆ ಬೆನ್ನು ಹಿಡಿದು ನೆಲಕ್ಕೆ ಕೂಡಲು ಬರುತ್ತಿರಲಿಲ್ಲವಂತೆ. ಕ್ಯಾಂಪಿನ ಸರಕಾರಿ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಂಜಿನಿಯರರ ಹೆಂಡತಿಯ ಹತ್ತಿರ ವಿದೇಶದ ಒಂದು ಪತ್ರಿಕೆ ಇತ್ತು, ಅದರಲ್ಲಿ ತಗ್ಗು ಕುರ್ಚಿಯ ಚಿತ್ರ. ಪತ್ರಿಕೆ ಮನೆಗೆ ಒಯ್ಯಲು ಆಕೆ ಬಿಡಲಿಲ್ಲ. ಇವರು ನೋಡಿಕೊಂಡು ಬಂದು ತಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಕುರ್ಚಿಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದರು. ತಾವೇ ಅದರ ಪಕ್ಕ ಮಲಗಿ, ಮೊಣಕಾಲು ಎಲ್ಲಿ ಬರುತ್ತದೆ, ನಡ ಎಲ್ಲಿ ಬರುತ್ತದೆ ಎಂದು ಅಳೆದು ಗೆರೆ ತಿದ್ದಿದರು. ಕ್ಯಾಂಪಿನ ಬಡಿಗ ಆ ಗೆರೆಯ ಮೇಲೆ ಕಟ್ಟಿಗೆ ಇಟ್ಟು ಕೊರೆದ. ಬೆಳಕು ಹೊಲಿಗೆಯ ಮೇಲೆ ಬೀಳಬೇಕೆಂದು ದೀಪವನ್ನು ವೆಲ್ಡಿಂಗಿನವನಿಂದ ಬಾಗಿಸಿದ್ದೂ ಅವರೇ.

“ಸೊಸಿ ತನಗ ಕುರ್ಚಿ ಮಾಡಿಸಿಕೊಂಡ್ಲಂದ್ರ ಅತ್ತಿ ಸುಮ್ಮನ ಬಿಡತಿದ್ಲೇನು? ಅದಕ್ಕ ನಮ್ಮ ಮನಿಯವರ ಹೆಸರ ಹೇಳಿದ್ವಿ.”

ನಾನು ಕ್ಯಾಮೆರಾ ಇಳಿಸಿ ಅವರನ್ನೇ ನೋಡಿದೆ. ಆ ಕುರ್ಚಿಯನ್ನು ಮುಂಬಯಿಯ ಯಾವುದೋ ದೊಡ್ಡ ಅಂಗಡಿಯದೆಂದೇ ನಾನು ತಿಳಿದಿದ್ದೆ.

ಯಜಮಾನರು ಎದ್ದು ಹೆಗಲ ಟಾವೆಲ್ಲು ಜಾಡಿಸಿದರು. “ಮೊದಲ ತಗದ ಬ್ಯಾರೆ ಕಡೆ ಇಟ್ಟಿರಬೇಕು,” ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಗೆ ಹೋದರು. ಅಮ್ಮಾರು ನನ್ನ ಕಡೆ ತಿರುಗಿ, “ಕೇಳಿದ್ರ್ಯಾ?” ಎಂದರು. “ಇವುಗಳ ಮ್ಯಾಲ ಕಳ್ಳಿ ಕುಂತಂಗ ಕುಂತೇನಿ ಇಷ್ಟ ವರ್ಷ. ಒಯ್ದ್ಬಿಡ್ರಿ.”

ಬಿಡಿಭಾಗಗಳನ್ನು ಟೆಂಪೋಗೆ ಹೇರಿದೆ. ಉಸುಕನ್ನೂ ಚೀಲಕ್ಕೆ ತುಂಬಿಸಿಕೊಂಡೆ. ಹೂವಿನ ಹಿಪ್ಪರಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಂದು ಮೋಟರ್‌ಸೈಕಲ್ಲು ನಮ್ಮ ಹಿಂದೆಯೇ ಬಂದು ನಿಂತಿತು. ಯಜಮಾನರು. ಚಹಾ ಕುಡಿಯಲಿಲ್ಲ. ಟೆಂಪೋದ ಸುತ್ತ ಒಂದು ಸುತ್ತು ಹಾಕಿ, ಉಸುಕಿನ ಚೀಲವನ್ನು ಕೈಯಿಂದ ಒತ್ತಿ ನೋಡಿ ಹಿಂದಿರುಗಿದರು.

ಸ್ಟುಡಿಯೋದ ಹಿಂದಿನ ನಮ್ಮ ಮನೆಯಲ್ಲಿ ಎಲ್ಲವನ್ನೂ ಜೋಡಿಸಿ, ದೀಪಕ್ಕೆ ಹೊಸ ವೈರು ಹಾಕಿಸಿ, ಕುರ್ಚಿ ದೀಪ ಎರಡನ್ನೂ ಸ್ಟುಡಿಯೋದಲ್ಲಿಟ್ಟೆ. ಕತೆ ಕೇಳಿದ ಹೆಂಡತಿ ಈ ಸಲ ತಗಣಿಯ ಮಾತೆತ್ತಲಿಲ್ಲ. ನಾನಿಲ್ಲದಾಗ ಕಪಾಟಿನ ಹಲಗೆಗಳನ್ನು ಬೆರಳಿನಿಂದ ಬಡಿದು ನೋಡಿದ್ದಳೆಂದು ಆಮೇಲೆ ತಾನೇ ಹೇಳಿದಳು. ನಾನೂ ಬಡಿದು ನೋಡಿದ್ದೆ, ಅವಳಿಗೆ ಹೇಳಲಿಲ್ಲ.

ಸುದ್ದಿ ನಮಗಿಂತ ಮೊದಲೇ ಸಿಂದಗಿ ಮುಟ್ಟಿತ್ತು. ಫೋಟೋಕ್ಕೆ ಬಂದವರು ಕೂರುವ ಮೊದಲು ಕುರ್ಚಿಯನ್ನು ಒಂದಿಷ್ಟು ಎತ್ತಿ ತೂಕ ನೋಡತೊಡಗಿದರು. ನಾನು ಸ್ಟುಡಿಯೋಕ್ಕೆ ಹೊಸ ಬೋರ್ಡು ಹಾಕಿಸಿದರೆ “ಡಾಬು ಕರಗಿಸ್ಯಾನ” ಎಂದರು. ಎರಡು ಹೊಸ ಫ್ಲ್ಯಾಶ್ ತಂದಾಗಲೂ ಅದೇ ಮಾತು. ಇಂಡಿಯಲ್ಲಿ ಒಬ್ಬರು ತಮ್ಮ ಹಳೆಯ ದೀಪವನ್ನು ಕೊಡುತ್ತೇನೆಂದು ಮಾತು ಕೊಟ್ಟವರು, ಕೊನೆಗೆ ಗರಗಸದಿಂದ ಎರಡು ತುಂಡು ಮಾಡಿ ನೋಡಿಯೇ ಕೊಟ್ಟರು. ಆ ಎರಡು ತುಂಡು ಈಗಲೂ ನನ್ನಲ್ಲಿವೆ.

ಯಜಮಾನರು ಆಗಾಗ ಬರುತ್ತಿದ್ದರು. ಬಿಚ್ಚಿದ ದಿನದ ಫೋಟೋಗಳನ್ನು ದೊಡ್ಡದು ಮಾಡಿಸಿ ಒಯ್ದರು. ಮತ್ತೊಮ್ಮೆ ಬಂದು ಒಂದು ಫೋಟೋದ ಮೇಲೆ ಬೆರಳಿಟ್ಟು, “ಈ ಕಡೆ ನೆರಳ ಬಿದ್ದೈತಲ್ಲ, ಇಲ್ಲೇನೈತ್ರಿ?” ಎಂದು ಕೇಳಿದರು. ಅದು ನನ್ನದೇ ನೆರಳು ಎಂದೆ. ಹಂಗೇನು, ಎಂದು ಮತ್ತೆ ನೋಡಿದರು.

ಅಮ್ಮಾರು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಸಿಂದಗಿಯಲ್ಲಿ ನೆಂಟರ ಮದುವೆ ಮುಗಿಸಿ, ಬಾಗೇವಾಡಿಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದರು. ತಮ್ಮ ಕುರ್ಚಿಯಲ್ಲಿ ಕೂತು ಎರಡೂ ಕೈ ಅದರ ಕೈಗಳ ಮೇಲೆ ಚಾಚಿದರು. ದೀಪ ಹಚ್ಚಿ ತೋರಿಸಿದೆ. “ಸಣ್ಣ ಬಲ್ಬ್ ಹಾಕ್ರಿ, ಟೊಪ್ಪಿಗಿ ಕಾಯತೈತಿ,” ಎಂದರು. ಹೆಂಡತಿ ಚಹಾ ತಂದು ಪಕ್ಕದಲ್ಲೇ ನಿಂತಳು.

“ನಿಮಗೂ ಸಂಶಯ ಐತಿ ಅಲ್ಲ?” ಎಂದು ಅಮ್ಮಾರು ನನ್ನನ್ನು ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. “ಐತ್ರಿ ಸ್ವಲ್ಪ.”

“ಡಾಬು ನಮ್ಮತ್ತೀನ ತನ್ನ ಮಗಳಿಗೆ ಕೊಟ್ಟ್ಲು. ಇಂಡಿಯೊಳಗ ಇದ್ಲು ಆಕಿ. ಗಂಡನ ಮನ್ಯಾಗ ಭಾಳ ತ್ರಾಸಿತ್ತು ಆಕಿಗೆ. ನನ್ನ ಕಣ್ಣ ಮುಂದ ಸೆರಗಿನ್ಯಾಗ ಕಟ್ಟಿ ಕೊಟ್ಟ್ಲು, ಯಾರಿಗೂ ಹೇಳಬ್ಯಾಡಂತ ನನ್ನ ಕಡೆ ಆಣಿ ಹಾಕಿಸಿಕೊಂಡ್ಲು.”

“ಬಿಚ್ಚಿಸಿದ ದಿನಾ ಹೇಳಬಹುದಿತ್ತಲ್ರಿ?” ಎಂದಳು ನನ್ನ ಹೆಂಡತಿ.

“ಹೇಳಿದ್ರ ನಮ್ಮ ಮೈದುನ ಇಂಡಿಗೆ ಹೋಗಿ ಆಕಿ ಮನಿ ನೆಲ ಅಗೀತಿದ್ದ, ತಾಯಿ. ಆಕಿಗೆ ತವರ ಅನ್ನೂದ ಇಲ್ಲದಂಗ ಆಗತಿತ್ತು. ನಾ ಹೆಂಗಿದ್ರೂ ಆ ಮನ್ಯಾಗ ಹೊರಗಿನಾಕಿ. ನನ್ನ ಮ್ಯಾಲ ಇದ್ರ ಇರಲಿ ಅಂತ ಬಿಟ್ಟೆ.” ಚಹಾ ಗುಟುಕರಿಸಿದರು. “ಹೋದ ವರ್ಷ ಆಕಿನೂ ತೀರಿಕೊಂಡ್ಲು. ಆಕಿ ಮಕ್ಕಳು ಅದಾರ. ನಿಮ್ಮಲ್ಲೇ ಇರಲಿ ಮಾತು.”

ಹೆಂಡತಿ ಅವರನ್ನು ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದಳು. ಬಂದವಳು ಆ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. “ಖರೇ ಅನಸತೈತೇನು ನಿಮಗ?” ಎಂದಳು. ನನಗೆ ಖರೇ ಅನ್ನಿಸಿತ್ತು. ಅವಳಿಗೂ ಅನ್ನಿಸಿತ್ತು. ಆದರೂ ಇಬ್ಬರೂ ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಿಂಗಳೊಳಗೆ ಯಜಮಾನರು ಬಂದರು. ವಯಸ್ಸಾಗಿತ್ತು, ಕೈಯಲ್ಲಿ ಬಡಿಗೆ ಹಿಡಿದಿದ್ದರು. ಕೂಡಿರೆಂದು ಅತ್ತಿಗೆಯ ಕುರ್ಚಿ ತೋರಿಸಿದರೆ ಅದನ್ನು ಬಿಟ್ಟು ಸ್ಟೂಲಿನ ಮೇಲೆ ಕೂತರು.

“ವೈನಿ ಬಂದಿದ್ರಂತ ನಿಮ್ಮಲ್ಲಿ.”

“ಬಂದಿದ್ರ್ರಿ.”

“ಏನಂದ್ರು?”

“ದೀಪಕ್ಕ ಸಣ್ಣ ಬಲ್ಬ್ ಹಾಕ್ರಿ ಅಂದ್ರು.”

“ಅಷ್ಟ?”

“ಅಷ್ಟರಿ.”

ಅವರು ನನ್ನ ಮುಖವನ್ನು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಮುಖವನ್ನು ನೋಡಿದರು. ಅವಳು ಕಣ್ಣು ಮಿಟುಕಿಸದೆ ಅವರನ್ನೇ ನೋಡಿ, “ಚಹಾ ಮಾಡಲೇನ್ರಿ ಕಾಕಾರ?” ಎಂದಳು. ಬೇಡವೆಂದರು. ಬಡಿಗೆ ಊರಿ ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.